ಐದು ನಿಮಿಷದ ಕೆಲಸ

ಎರಡು ಸಾವಿರದ ಒಂದನೇ ಇಸವಿ, ಸಿಂದಗಿ ಬಸ್ ನಿಲ್ದಾಣ. ನನ್ನ ಪಕ್ಕ ಒಬ್ಬ ಸೀಡಿಯೊಂದನ್ನು ಎದೆಗೊತ್ತಿಕೊಂಡು ಕೂತಿದ್ದ. ಊಟದ ಡಬ್ಬಿ ಹಿಡಿದ ಹೆಂಗಸೊಬ್ಬಳು ಅವನನ್ನು ಕಂಡು ನಿಂತಳು.

"ಕಲ್ಮೇಶ ಸರ್! ಮುದ್ದೇಬಿಹಾಳಕ್ಕ ವರ್ಗ ಆದಮ್ಯಾಲೆ ಈ ಕಡೆ ಬರಲೇ ಇಲ್ಲಲ್ರಿ."

"ಬೀಗರ ಮನಿಗೆ ಬಂದಿದ್ದೆ, ಬಾಯಾರ. ಹೊಸ ಸಾಫ್ಟ್‌ವೇರ್ ಹಾಕಿದಮ್ಯಾಲೆ ಇಲ್ಲಿ ನಮ್ಮ ಕಚೇರ್ಯಾಗ ನನ್ನ ಪ್ರೋಗ್ರಾಂ ನಿಂತೈತಂತಲ್ಲ?"

"ಸೋಮವಾರ ನಿಂತಿತ್ರಿ. ಡೇಟಾಬೇಸ್ ತಗಿಯಾಕ ಬೇಕಾದ ಹಳೇ ಲೈಬ್ರರಿ ಫೈಲ್ ಸಿಗವಲ್ದು ಅಂತಿತ್ತು. ರೆಫರೆನ್ಸ್ ಪಟ್ಟ್ಯಾಗ ಅದರ ಟಿಕ್ ತಗದು ಹೊಸದಕ್ಕ ಹಾಕಿದೆ. ಐದು ನಿಮಿಷದ ಕೆಲಸ."

"ನೀವಾ?"

"ಯಾಕ್ರಿ, ನಾ ಮಾಡಬಾರದೇನು?"

"ಮೂರು ವರ್ಷ ಕೂತು ಬರದಾಂವ ನಾನು. ಸಾಹೇಬ್ರು ನನ್ನ ಹೆಸರು ತಗೀಲಿಲ್ಲೇನು?"

"ತಗದ್ರಲ್ಲ. ಕಲ್ಮೇಶನ್ನ ಕರಸೂಣು ಅಂದ್ರು. ಅಷ್ಟರಾಗ ಚಾಲೂ ಆತು."

"ಒಂದು ದಿನ ತಡದಿದ್ರ ನಿಮ್ಮ ಗಂಟೇನು ಹೋಗತಿತ್ತು? ನನ್ನ ವಾಪಸ್ ಇಲ್ಲಿಗೇ ತಗೋತಿದ್ರು."

"ಮಂದಿ ಪಾಳಿ ಹಚ್ಚಿ ನಿಂತಿದ್ರು, ಸರ್."

ಮುದ್ದೇಬಿಹಾಳದ ಬಸ್ ಬಂತು. ಅವನು ಎದ್ದ.

"ಕೈಯಾಗಿಂದು ಏನ್ರಿ?"

"ಭಜನಿ ಪದ."

"ಕೇಳಿ ಕೊಡ್ತೇನಿ, ಕೊಡ್ರಿ."

"ಬ್ಯಾಡ. ನಿಮಗ ಅದೂ ಬರ್ತಿರಬೇಕು."

ಆಕೆ ನಕ್ಕು ಹೊರಟಳು. ಅವನು ಮೆಟ್ಟಿಲು ಹತ್ತುವಾಗ ಸೀಡಿಯ ಮೇಲಿನ ದುಂಡಗಿನ ಅಕ್ಷರಗಳು ಕಂಡವು: ಸಿಂದಗಿ ಕಚೇರಿ, ಲೈಬ್ರರಿ ದುರಸ್ತಿ.