ಹರಕೆಗೆ ಆಳು ಇಟ್ಟವನ ಓಟ

ಒಬ್ಬ ಶ್ರೀಮಂತನಿದ್ದ. ಯಾವ ಊರಿನವನು ಎಂದು ಕೇಳಬೇಡಿ, ಹೇಳಿದರೆ ನಾಳೆಯೇ ಮನೆ ಹುಡುಕಿಕೊಂಡು ಹೋಗುತ್ತೀರಿ. ಕೆಟ್ಟವನಲ್ಲ ಅವನು, ಕೊಡುಗೈಯವನೇ. ಆದರೆ ನೋಡಿ, ಯಾವ ಕೆಲಸವನ್ನೂ ಮೈಮುಟ್ಟಿ ಮಾಡಿದವನಲ್ಲ. ಮದುವೆಗೆ ಹೋಗಬೇಕೇ? ಮ್ಯಾನೇಜರನ ಕೈಯಲ್ಲಿ ಮುಯ್ಯಿ ಕಳಿಸಿದ, ಮುಗಿಯಿತು. ಸಾವಿನ ಮನೆಗೆ ಹೋಗಬೇಕೇ? ಡ್ರೈವರನ ಕೈಯಲ್ಲಿ ಹಾರ ಕಳಿಸಿದ, ಮುಗಿಯಿತು.

ಅವನ ಹೆಂಡತಿಗೆ ಕ್ಯಾನ್ಸರ್ ಆಯಿತು. ಆಗ ಅವನ ಎದೆ ಒಡೆದುಹೋಯಿತು. ಆಕೆ ಗುಣವಾದರೆ ದೀಡ್ ನಮಸ್ಕಾರ ಹಾಕುತ್ತೇನೆಂದು ಹರಕೆ ಹೊತ್ತ. ಗೊತ್ತಲ್ಲ, ದಾರಿಯುದ್ದಕ್ಕೂ ಅಡ್ಡಬಿದ್ದು ಏಳುತ್ತ, ಅಡ್ಡಬಿದ್ದು ಏಳುತ್ತ ಗುಡಿಯವರೆಗೆ ಹೋಗುವುದು. ದೇವರ ದಯೆ, ಆಕೆ ಗುಣವಾದಳು. ಈ ಮಹಾರಾಯ ಏನು ಮಾಡಿದ? ಒಬ್ಬ ಗಟ್ಟಿಮುಟ್ಟಾದ ಆಳನ್ನು ಹಿಡಿದು, ಕೂಲಿ ಕೊಟ್ಟು, ಅವನಿಂದ ನಮಸ್ಕಾರ ಹಾಕಿಸಿದ. ತಾನು ಕೊಡೆಯ ಕೆಳಗೆ ನಿಂತು ನೋಡಿದ. ನಗುತ್ತೀರಲ್ಲವೇ? ನಗಿ, ನಗಿ. ಮೊಬೈಲಿನಲ್ಲಿ ಅರ್ಚನೆ ಬುಕ್ ಮಾಡಿ, ಪ್ರಸಾದವನ್ನು ಕೊರಿಯರಿನಲ್ಲಿ ತರಿಸಿಕೊಳ್ಳುವವರು ಮುಂದಿನ ಸಾಲಿನಲ್ಲಿಯೇ ಕೂತಿದ್ದೀರಿ.

ಹೆಂಡತಿ ಮಾತ್ರ ನಗಲಿಲ್ಲ. ಆ ವರ್ಷ ಅವರ ಊರಿನಲ್ಲಿ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಮ್ಯಾರಥಾನ್ ಓಟ ಇಟ್ಟಿದ್ದರು. ನೀವು ಓಡುವುದು, ನಿಮ್ಮ ಓಟ ನೋಡಿ ನಿಮ್ಮ ನೆಂಟರು, ಗೆಳೆಯರು ಕೈಲಾದಷ್ಟು ಕೊಡುವುದು, ಹಾಗೆ. ಆಕೆ ಗಂಡನಿಗೆ ಹೇಳಿದಳು.

“ಈ ಸಲ ನೀವು ಓಡ್ರಿ.”

“ಓಡೂದು ಯಾಕ? ಎಷ್ಟು ಬೇಕು ಹೇಳು, ಚೆಕ್ ಬರದು ಕೊಡ್ತೀನಿ.”

“ಚೆಕ್ ಬರೀರಿ, ಬ್ಯಾಡ ಅನ್ನೂದಿಲ್ಲ. ಆದ್ರ ನನ್ನ ಸಲುವಾಗಿ ನೀವು ಮೈ ಬಗ್ಗಿಸಿದ್ದು ಒಂದರ ಐತೇನು? ಇದೊಂದು ನೀವ ಮಾಡ್ರಿ. ಬ್ಯಾರೆಯವರನ್ನ ಕಳಸಬ್ಯಾಡ್ರಿ.”

ಸಾವಿನ ಮನೆಯ ಹೊಸ್ತಿಲು ನೋಡಿ ಬಂದ ಹೆಂಡತಿ ಕೇಳಿದ್ದು ಏನು? ಬಂಗಾರ ಕೇಳಿದಳೇ? ಸೀರೆ ಕೇಳಿದಳೇ? ನೀವೇ ಬನ್ನಿ ಎಂದು ಕೇಳಿದಳು. ಇದರಲ್ಲಿಯೂ ಕೈಕೊಟ್ಟರೆ ಆಕೆ ಇನ್ನು ಜನ್ಮದಲ್ಲಿ ತನ್ನನ್ನು ಏನೂ ಕೇಳಲಾರಳು ಎಂದು ಅವನಿಗೆ ಅನ್ನಿಸಿತು. ಒಪ್ಪಿಕೊಂಡ. ತಿಂಗಳುಗಟ್ಟಲೆ ಬೆಳಿಗ್ಗೆ ಎದ್ದು ಅಭ್ಯಾಸ ಮಾಡಿದ. ಊರಿನ ನಾಯಿಗಳಿಗೆಲ್ಲ ಪರಿಚಯವಾದ.

ಆದರೆ ಹಳೆಯ ಬುದ್ಧಿ ಅಷ್ಟು ಸುಲಭವಾಗಿ ಬಿಡುತ್ತದೆಯೇ? ಓಟದ ದಿನ, ಯಾವುದಕ್ಕೂ ಇರಲಿ ಎಂದು, ಊರಾಚೆಯ ಒಂದು ಅಡ್ಡದಾರಿಯಲ್ಲಿ ಕಾರು ನಿಲ್ಲಿಸಿಕೊಂಡಿರಲು ಡ್ರೈವರನಿಗೆ ಗುಟ್ಟಾಗಿ ಹೇಳಿದ್ದ. ಅಲ್ಲಿಗೆ ಬರುವಷ್ಟರಲ್ಲಿ ಬಿಸಿಲೇರಿತ್ತು, ಕಾಲು ಸೆಟೆದುಕೊಂಡಿತ್ತು, ಜೊತೆಯವರೆಲ್ಲ ಮುಂದೆ ಹೋಗಿದ್ದರು. ಡ್ರೈವರ್ ಬಾಗಿಲು ತೆರೆದ.

“ಹತ್ರಿ ಸಾಹೇಬ್ರ. ಊರ ಹತ್ತರ ಇಳಸ್ತೀನಿ. ಯಾರಿಗೂ ಗೊತ್ತಾಗೂದಿಲ್ಲ.”

ಹೌದು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನು ಕಾರಿನ ಬಾಗಿಲ ಮೇಲೆ ಕೈಯನ್ನೂ ಇಟ್ಟ. ಅಷ್ಟರಲ್ಲಿ ರಸ್ತೆ ಬದಿಯ ಮರದ ಕೆಳಗೆ ಕೊಡ ಇಟ್ಟುಕೊಂಡು ಕೂತಿದ್ದ ಒಬ್ಬ ಮುದುಕಿ ತಂಬಿಗೆ ನೀರು ಹಿಡಿದುಕೊಂಡು ಬಂದಳು. ಗಟಗಟ ಕುಡಿದ. ಜೀವ ಬಂದಂತಾಯಿತು. ಕುಡಿದ ಕೂಡಲೇ ಕೈ ಜೇಬು ಹುಡುಕಿತು. ಓಡುವ ಚಡ್ಡಿಗೆ ಜೇಬೆಲ್ಲಿ? ಡ್ರೈವರನಿಗೆ ಹೇಳಿದ, “ಈ ಅಮ್ಮಗ ಏನರ ಕೊಡು.”

ಮುದುಕಿ ತಲೆ ಅಲ್ಲಾಡಿಸಿದಳು.

“ರೊಕ್ಕ ಬ್ಯಾಡ, ಯಪ್ಪಾ. ನನ್ನ ಮಗಳು ಇದ ಜಡ್ಡಿನಾಗ ಹೋದ್ಲು. ಹೊಸಾ ಔಷಧ ಬಂದೈತಿ, ಹೆಂಗ ಹಿಡಿತೈತಿ ಇನ್ನೂ ಗೊತ್ತಿಲ್ಲ, ನಿಮಗ ಹಾಕಿ ನೋಡೂಣೇನು ಅಂತ ಡಾಕ್ಟರ್ ಕೇಳಿದ್ರು. ಆಕಿ ಹೂಂ ಅಂದ್ಲು. ನನಗ ಹಿಡಿಲಿಲ್ಲಂದ್ರೂ ಮುಂದಿನವರಿಗೆ ದಾರಿ ಗೊತ್ತಾಗ್ತೈತಿ ಬಿಡಬೇ ಅಂದ್ಲು. ಆಕಿಗೆ ಹಿಡಿಲಿಲ್ಲ. ನೀವೆಲ್ಲ ಅದ ಕೆಲಸಕ್ಕ ಓಡಾಕತ್ತೀರಂತ. ಅದಕ ನೀರು ಕೊಡಾಕ ಬಂದೀನಿ.”

ಶ್ರೀಮಂತ ನಿಂತುಬಿಟ್ಟ. ಆ ಮಗಳು ಹೂಂ ಅಂದ ಔಷಧದಿಂದಲೇ ಇವನ ಹೆಂಡತಿ ಉಳಿದಳೇ? ಅವನಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆಕೆಯಲ್ಲದಿದ್ದರೆ ಇನ್ನೊಬ್ಬರ ಮಗಳು. ಮಗಳಲ್ಲದಿದ್ದರೆ ಯಾರದೋ ಮಗ, ಯಾರದೋ ತಂದೆ. ಯಾರೋ ಒಬ್ಬರು ತಮ್ಮ ಮೈಯನ್ನೇ ಕೊಟ್ಟಿದ್ದರು. ಅಂಥವರಿಗೆ ಬದಲಾಗಿ ಏನು ಕೊಡುತ್ತೀರಿ? ಯಾರ ಕೈಯಲ್ಲಿ ಕಳಿಸುತ್ತೀರಿ? ಅವನು ಮುದುಕಿಗೆ ಕೈಮುಗಿದ. ಕಣ್ಣಲ್ಲಿ ನೀರು ಬಂತು. ಡ್ರೈವರನ ಕಡೆ ತಿರುಗಿ, “ನೀ ಮನಿಗೆ ನಡಿ,” ಅಂದ.

ಆಮೇಲೆ ಅವನು ಓಡಿದ ಎಂದರೆ ಸುಳ್ಳಾಗುತ್ತದೆ. ಕುಂಟಿದ, ನಡೆದ, ನಾಲ್ಕು ಹೆಜ್ಜೆ ಓಡಿದ, ಮತ್ತೆ ಕುಂಟಿದ. ಮುಟ್ಟುವಷ್ಟರಲ್ಲಿ ಶಾಮಿಯಾನ ಬಿಚ್ಚುತ್ತಿದ್ದರು. ಹೆಂಡತಿ ಒಬ್ಬಳೇ ಓಟ ಮುಗಿಯುವ ಗೆರೆಯ ಹತ್ತಿರ ನಿಂತಿದ್ದಳು. ಆಕೆ ಸೆರಗಿನಿಂದ ಅವನ ಮುಖ ಒರೆಸಿದಳು. ಅವನು ಎಲ್ಲ ಹೇಳಿದ, ಕಾರಿನ ಗುಟ್ಟನ್ನೂ ಹೇಳಿದ.

“ನಿನ್ನ ನನಗ ಉಳಿಸಿಕೊಟ್ಟವರದಾರ. ಇಷ್ಟು ದಿನ ಬಿಲ್ ಕಟ್ಟಿದ್ನಲ್ಲಾ, ಮುಗೀತು ಅಂದ್ಕೊಂಡಿದ್ದೆ. ಆ ಅಮ್ಮನ ಮಗಳ ಹೆಸರೂ ನಾ ಕೇಳಲಿಲ್ಲ ನೋಡು.”

“ನಡ್ರಿ,” ಅಂದಳು ಆಕೆ. “ಇಬ್ರೂ ಹೋಗಿ ಕೇಳ್ಕೊಂಡು ಬರೂಣು.”

ಇಬ್ಬರೂ ಹೋದರು. ಕೇಳಿಕೊಂಡು ಬಂದರು. ಇವತ್ತಿಗೂ ಆ ಮನೆಯಲ್ಲಿ ದೇವರಿಗೆ ದೀಪ ಹಚ್ಚುವಾಗ ಆ ಹುಡುಗಿಯ ಹೆಸರು ಹೇಳುತ್ತಾರೆ.

ಕಥೆ ಮುಗಿಯಿತೆಂದು ಚಪ್ಪಲಿ ಹುಡುಕಬೇಡಿ. ಈಗ ನಿಮ್ಮ ಮಾತಿಗೆ ಬರುತ್ತೇನೆ. ಈ ಸಭೆಯಲ್ಲಿ ಇವತ್ತು ಮಾತ್ರೆ ನುಂಗಿ ಬಂದವರು ಎಷ್ಟು ಜನ? ಬಿ.ಪಿ.ಗೆ, ಸಕ್ಕರೆ ಕಾಯಿಲೆಗೆ, ಎದೆಗೆ? ನೋಡಿ, ಎಷ್ಟು ಕೈ! ನುಂಗುವಾಗ ಏನು ಮಾಡುತ್ತೀರಿ? ಮುಖ ಹುಳ್ಳಗೆ ಮಾಡುತ್ತೀರಿ. ಕಹಿ ಅನ್ನುತ್ತೀರಿ, ತುಟ್ಟಿ ಅನ್ನುತ್ತೀರಿ, ಸೊಸೆ ತಡವಾಗಿ ಕೊಟ್ಟಳು ಅನ್ನುತ್ತೀರಿ. ಆ ಮಾತ್ರೆ ನಿಮ್ಮ ಕೈಗೆ ಬರುವ ಮೊದಲು ಗುಣವೋ ದೋಷವೋ ತಿಳಿಯದೆ ಅದನ್ನು ನುಂಗಿದವರಿದ್ದಾರೆ. ನಿಮ್ಮ ಬದಲಿಗೆ ನುಂಗಿದರು. ಅವರು ನಿಮ್ಮ ನೆಂಟರೇ? ನಿಮ್ಮ ಜಾತಿಯವರೇ? ನಿಮ್ಮನ್ನು ಕಂಡವರೇ? ಯಾರೂ ಅಲ್ಲ. ನಾವು ಬದುಕಿ ಇಲ್ಲಿ ಕೂತಿದ್ದೇವಲ್ಲ, ಅಂಥವರ ಪುಣ್ಯದಿಂದ ಕೂತಿದ್ದೇವೆ.

ಆ ಉಪಕಾರ ಅವರಿಗೆ ತಿರುಗಿ ಮುಟ್ಟುವುದಿಲ್ಲ, ಅವರು ಹೋಗಿಬಿಟ್ಟರು. ಮುಂದೆ ಬರುವವರಿಗೆ ಮುಟ್ಟಿಸಬೇಕು. ನಮ್ಮ ಊರಿನಲ್ಲಿಯೂ ಬರುವ ಭಾನುವಾರ ಅಂಥದೇ ಓಟವಿದೆ. ಕಾಲಿದ್ದವರು ಓಡಿ. ಓಡಲಾಗದವರು ಕೊಡ ಹಿಡಿದು ರಸ್ತೆಗೆ ಬನ್ನಿ. ಮಗನನ್ನು ಕಳಿಸುತ್ತೇನೆ ಅನ್ನಬೇಡಿ, ನೀವೇ ಬನ್ನಿ.

ಇನ್ನು ಇವತ್ತೇ ಮಾಡುವುದು ಒಂದಿದೆ. ಊಟವಾದ ಮೇಲೆ ಮಾತ್ರೆ ತೆಗೆದುಕೊಳ್ಳುತ್ತೀರಲ್ಲ, ಗಬಕ್ಕನೆ ಬಾಯಿಗೆ ಹಾಕಿಕೊಳ್ಳಬೇಡಿ. ಅಂಗೈ ಮೇಲೆ ಇಟ್ಟುಕೊಳ್ಳಿ. ನಿಮಗಿಂತ ಮೊದಲು ಅದನ್ನು ನುಂಗಿದ, ಹೆಸರು ಗೊತ್ತಿಲ್ಲದ ಆ ತಾಯಿಯನ್ನೋ ತಂದೆಯನ್ನೋ ಒಂದು ಗಳಿಗೆ ನೆನೆಯಿರಿ. ಆಮೇಲೆ ನೀರು ಕುಡಿಯಿರಿ.