ಬಿರುಕಿಗೆ ಸ್ಕೂಟಿ ಕಾರಣವೇ?

ಕುಕನೂರಿನ ಹಿಟ್ಟಿನ ಗಿರಣಿಯಲ್ಲಿ ಸರದಿ ಕಾಯುತ್ತಿದ್ದ ಅಮೃತಾಳ ಕಿವಿ ಮುಂದೆ ನಿಂತಿದ್ದ ಇಬ್ಬರ ಮಾತಿನತ್ತ ಹೊರಳಿತು.

“ನಮ್ಮ ಮನಿ ಗೇಟಿನ ಮುಂದಿನ ಕಾಂಕ್ರೀಟ್ ಮತ್ತ ಬಿರುಕು ಬಿಟ್ಟೈತ್ರಿ, ಕಳಕಮ್ಮಕ್ಕ. ‘ನಿನ್ನ ಸ್ಕೂಟಿಯಿಂದನ ಆಗೈತಿ, ಮಾರಿಬಿಡು’ ಅಂತಾರ ನಮ್ಮತ್ತಿ.”

“ಸ್ಕೂಟಿಗೆ ಕಾಂಕ್ರೀಟ್ ಒಡೀತೈತೇನ, ದ್ರಾಕ್ಷಾಯಿಣಿ? ಬಿರುಕು ಯಾವ ಕಡೆ ಐತಿ?”

“ಮಲ್ಲಿಗಿ ಬಳ್ಳಿ ಕಡೆ.”

“ಬಳ್ಳಿಗೆ ನೀರು ಯಾರು ಹಾಕ್ತಾರ?”

“ನಮ್ಮತ್ತೀನ. ದಿನಾ ಕೊಡಗಟ್ಟಲೆ.”

“ನಿಮ್ಮದು ಎರಿಮಣ್ಣು, ಕರೀ ಮಣ್ಣು. ನೀರು ಕುಡದ್ರ ಉಬ್ಬತೈತಿ, ಒಣಗಿದ್ರ ಕುಗ್ಗತೈತಿ, ಅದಕ್ಕ ಮ್ಯಾಲಿನ ಕಾಂಕ್ರೀಟ್ ಸೀಳತೈತಿ. ಆ ಮಣ್ಣು ತಗಸಿ ಗರಸು, ಸಣ್ಣ ಕಲ್ಲಿನ ಮಣ್ಣು, ತುಂಬಸು. ಬಳ್ಳಿ ದೂರ ಹಚ್ಚು.”

“ಅಂದ್ರ ನನ್ನ ಗಾಡೀದು ತಪ್ಪಿಲ್ಲ!” ದ್ರಾಕ್ಷಾಯಿಣಿಯ ನಗುವಿಗೆ ಗಿರಣಿಯೇ ತಿರುಗಿ ನೋಡಿತು. “ಆದ್ರ ಅತ್ತಿಗೆ ಹೇಳೋರು ಯಾರ್ರಿ?”

“ನಡಿ, ನಾನ ಹೇಳ್ತೀನಿ. ನಿಮ್ಮತ್ತಿಗೆ ನಾ ಅಂಜಂಗಿಲ್ಲ, ನಿನ್ನ ಬ್ರೇಕಿಗೆ ಅಂಜ್ತೀನಿ.”

ಬೀಸಿ ಮುಗಿದ ಹಿಟ್ಟಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕಳಕಮ್ಮ ದ್ರಾಕ್ಷಾಯಿಣಿಯ ಹಿಂದೆ ಸ್ಕೂಟಿಯಲ್ಲಿ ಕುಳಿತಳು. ಸ್ಕೂಟಿ ಹೊರಟಿತು. ಅಮೃತಾ ನಗುತ್ತಲೇ ಮುಂದೆ ಸರಿದಳು.