ಮೂರನೇ ಜಾಯಿಂಟಿನ ಎರಡನೇ ಕ್ಲಿಪ್

ಹೆಸರು: ಸತ್ಯಮೂರ್ತಿ ಬಿನ್ ನರಸಿಂಹಯ್ಯ. ವಯಸ್ಸು: 61 ವರ್ಷ. ಕಸುಬು: ರೈಲ್ವೆ ವರ್ಕ್‌ಶಾಪಿನ ಬ್ರೇಕ್ ವಿಭಾಗದಿಂದ ನಿವೃತ್ತ. ವಾಸ: ಮಲಾಡ್ ಪೂರ್ವ, ಮುಂಬಯಿ.

ಠಾಣೆಯ ಅಧಿಕಾರಿಗಳಿಗೂ, ತಮ್ಮ ಕೆಲಸ ಬಿಟ್ಟು ಪಂಚರಾಗಿ ಬಂದು ಕುಳಿತಿರುವ ಇಬ್ಬರು ಹಿರಿಯರಿಗೂ ನಮಸ್ಕರಿಸಿ, ಅವರು ಬಂದುದಕ್ಕೆ ಕೃತಜ್ಞತೆ ಹೇಳಿ, ಈ ಮೂಲಕ ತಿಳಿಸುವುದೇನೆಂದರೆ:

ನನಗೆ ಮರಾಠಿ ಬರುತ್ತದೆ. ಆದರೂ ಒಂದು ಮಾತೂ ಹೆಚ್ಚು ಕಡಿಮೆ ಆಗಬಾರದೆಂದು ಕನ್ನಡದಲ್ಲಿ ಹೇಳುತ್ತಿದ್ದೇನೆ. ವಿಜಾಪುರದವರಾದ ಹವಾಲ್ದಾರ್ ಅಣವೀರಪ್ಪನವರು ಬರೆದುಕೊಳ್ಳುತ್ತಿದ್ದಾರೆ.

ನಿವೃತ್ತನಾದ ಮೇಲೆ ಮೂರು ವರ್ಷಗಳಿಂದ ಮಲಾಡ್ ಪೂರ್ವದ ಒಂದು ಶೆಡ್ಡಿನಲ್ಲಿ ಹನ್ನೆರಡು ಮಂದಿ ಯುವಕ ಯುವತಿಯರಿಗೆ ಎಂಜಿನ್ ಕೆಲಸ ಕಲಿಸುತ್ತಿದ್ದೇನೆ. ಅವರಲ್ಲಿ ಪಂಕಜಾ, ವಯಸ್ಸು 21, ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದವಳು. ಬರುವ ಜನವರಿ ಎರಡರಿಂದ ಡೀಸೆಲ್ ಎಂಜಿನ್ ಕಾರ್ಖಾನೆಯೊಂದರಲ್ಲಿ ಅವಳಿಗೆ ಅಪ್ರೆಂಟಿಸ್ ಜಾಗ ನಿಗದಿಯಾಗಿದೆ. ಆಯ್ಕೆಯಾದ ಹುಡುಗಿ ಅವಳೊಬ್ಬಳೇ. ಹೆಸರಿನ ಮೇಲೆ ಪೊಲೀಸ್ ಕೇಸ್ ಇದ್ದವರನ್ನು ಅಲ್ಲಿ ಸೇರಿಸಿಕೊಳ್ಳುವುದಿಲ್ಲ.

ದಿನಾಂಕ 20-10-1990ರಂದು ಅಂಧೇರಿಯಲ್ಲಿ ಟ್ರಾನ್ಸ್‌ಪೋರ್ಟ್ ಆಫೀಸು ನಡೆಸುವ ಚೆನ್ನಯ ಎಂಬವರು, ಹರಾಜಿನಲ್ಲಿ ಕೊಂಡ ಜಪಾನಿ ಟರ್ಬೊ ಕಾರನ್ನು ಶೆಡ್ಡಿಗೆ ತಂದರು. ಅದನ್ನು ಡಿಸೆಂಬರಿನ ರ‍್ಯಾಲಿಗೆ ಇಳಿಸಬೇಕೆಂದರು. ಹತ್ತು ನಿಮಿಷ ಜೋರಾಗಿ ಓಡಿಸಿದರೆ ಗಾಡಿಯ ದಮ್ಮೇ ಹೋಗ್ತದೆ ಮಾರಾಯ್ರೆ ಎಂದು ದೂರಿದರು.

ಪಂಚರಿಗೆ ತಿಳಿಯಲೆಂದು ಹೇಳುತ್ತೇನೆ. ಟರ್ಬೊ ಎಂಬುದು ಎಂಜಿನ್ನಿನ ಹೊಗೆಯ ರಭಸದಿಂದಲೇ ತಿರುಗಿ, ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಚಕ್ರ. ಒತ್ತಿದ ಗಾಳಿ ಕಾಯುತ್ತದೆ, ಕಾದ ಗಾಳಿಯಿಂದ ಎಂಜಿನ್ ಸೊರಗುತ್ತದೆ. ಆ ಗಾಳಿಯನ್ನು ದಾರಿಯಲ್ಲೇ ತಣಿಸುವ, ರೇಡಿಯೇಟರಿನಂಥ ಜಾಲರಿಗೆ ಇಂಟರ್‌ಕೂಲರ್ ಎನ್ನುತ್ತಾರೆ. ಆ ಕಾರಿನದು ತೀರಾ ಚಿಕ್ಕದು. ಅದನ್ನು ತೆಗೆದು, ಕುರ್ಲಾದ ಗುಜರಿಯಲ್ಲಿ ಸಿಕ್ಕ ದೊಡ್ಡ ಇಂಟರ್‌ಕೂಲರನ್ನು ಮುಂದಿನ ಬಂಪರಿನ ಹಿಂದೆ ಕೂರಿಸುವುದೆಂದು ನಿಶ್ಚಯಿಸಿದೆವು. ಅಳತೆ ತೆಗೆದು ನಕ್ಷೆ ಬರೆದವಳು ಪಂಕಜಾ. ಅಷ್ಟು ಚೊಕ್ಕವಾದ ನಕ್ಷೆಯನ್ನು ನನ್ನ ಮೂವತ್ತೆರಡು ವರ್ಷದ ನೌಕರಿಯಲ್ಲಿ ಹೆಚ್ಚು ಕಂಡಿಲ್ಲ.

ದಿನಾಂಕ 8-11-1990, ಗುರುವಾರ ಸಂಜೆ, ಬೈಕುಲ್ಲಾದಿಂದ ತಂದ ರಬ್ಬರ್ ಹೋಸುಗಳಿಂದ ಹೊಸ ಕೊಳವೆಗಳ ನಾಲ್ಕು ಜಾಯಿಂಟುಗಳನ್ನು ಅವಳೊಬ್ಬಳೇ ಕೂಡಿಸಿದಳು. ಶನಿವಾರ ಮಧ್ಯಾಹ್ನ 4 ಗಂಟೆ 15 ನಿಮಿಷಕ್ಕೆ ನಾನು ಪರೀಕ್ಷಿಸಿದಾಗ, ಇಂಟರ್‌ಕೂಲರಿನಿಂದ ಎಂಜಿನ್ನಿಗೆ ಹೋಗುವ ಮೂರನೇ ಜಾಯಿಂಟಿಗೆ ಅವಳು, ಹೋಸನ್ನು ಸುತ್ತಿ ಹಿಡಿಯುವ ಸ್ಕ್ರೂ ಕ್ಲಿಪ್ಪುಗಳನ್ನು ಎರಡು ಬಿಗಿದಿದ್ದಳು. ಏಕೆಂದು ಕೇಳಿದೆ. ಹಳೆಯ ಕೊಳವೆಯ ಬಾಯಿಗೆ ಹೋಸು ಜಾರದಂತೆ ಉಬ್ಬಿದ ಅಂಚಿತ್ತು, ಈ ಜಾಯಿಂಟಿನ ಹೊಸ ಕೊಳವೆಯ ಬಾಯಿ ಮಾತ್ರ ನುಣ್ಣಗಿದೆ ಎಂದಳು. ಮುಂದೆ ಅವಳು ಆಡಿದ ಮಾತು ಹೀಗಿತ್ತು: “ಸರ್, ನಿಮ್ಮ ರೈಲಲ್ಲಿ ಗಾಳಿ ಒಳಗೆ ಎಳೆಯುತ್ತೆ. ಇದರಲ್ಲಿ ಹೊರಗೆ ತಳ್ಳುತ್ತೆ ಅಲ್ವಾ?”

ಅವಳ ಮಾತು ಸರಿಯಾಗಿತ್ತು. ನಾನು ನೌಕರಿಯುದ್ದಕ್ಕೂ ಕಟ್ಟಿದ್ದು ರೈಲಿನ ವ್ಯಾಕ್ಯೂಮ್ ಬ್ರೇಕಿನ ಹೋಸುಗಳನ್ನು. ಅಲ್ಲಿ ಕೊಳವೆಯೊಳಗಿನ ಗಾಳಿಯನ್ನು ಹೀರುವುದರಿಂದ ಹೋಸು ತಾನಾಗಿ ಅಂಟಿ ಕೂರುತ್ತದೆ. ಒಂದು ಕ್ಲಿಪ್ ಧಾರಾಳವಾಗಿ ಸಾಕು, ಎರಡು ಬಿಗಿದರೆ ರಬ್ಬರ್ ಕೊಯ್ದುಹೋಗುತ್ತದೆ. ಟರ್ಬೊದಲ್ಲಿ ಗಾಳಿಯು ಹೋಸನ್ನು ಹೊರಕ್ಕೆ ದಬ್ಬುತ್ತದೆಂದು ಪುಸ್ತಕದಲ್ಲಿ ಓದಿದ್ದೆ, ಕ್ಲಾಸಿನಲ್ಲಿ ಪಾಠವನ್ನೂ ಮಾಡಿದ್ದೆ. ಕೈ ಮಾತ್ರ ಹಳೆಯ ಅಭ್ಯಾಸದಂತೆ ನಡೆಯಿತು. ನಾನು ನಗುತ್ತಾ, ನೀನು ಹುಟ್ಟುವ ಮೊದಲಿನಿಂದ ಹೋಸು ಕಟ್ಟುತ್ತಿದ್ದೇನಮ್ಮ ಎಂದೆ. ಸ್ಕ್ರೂಡ್ರೈವರ್ ತೆಗೆದುಕೊಂಡು ಎರಡನೇ ಕ್ಲಿಪ್ಪನ್ನು ನಾನೇ ಬಿಚ್ಚಿದೆ.

ದಿನಾಂಕ 11-11-1990, ಭಾನುವಾರ ಬೆಳಿಗ್ಗೆ 7 ಗಂಟೆಗೆ ಪರೀಕ್ಷೆಗೆ ಹೊರಟೆವು. ಲೈಸೆನ್ಸ್ ಇರುವ ಪಂಕಜಾ ಓಡಿಸುತ್ತಿದ್ದಳು. ನಾನು ಅವಳ ಎಡಗಡೆ ಕುಳಿತಿದ್ದೆ. ಮೊದಲ ನಾಲ್ಕು ಕಿಲೋಮೀಟರ್ ಕಾರು ಬಹಳ ಚೆನ್ನಾಗಿ ಓಡಿತು. ಅವಳು ಸಂತೋಷದಿಂದ ಒಮ್ಮೆ ನನ್ನ ಕಡೆ ನೋಡಿದಳು, ರಸ್ತೆ ನೋಡು ಎಂದು ಗದರಿದೆ. 7 ಗಂಟೆ 12 ನಿಮಿಷಕ್ಕೆ ಹೈವೇಯಲ್ಲಿ, ಗೋರೆಗಾಂವ್‌ಗಿಂತ ಸುಮಾರು 600 ಮೀಟರ್ ಮೊದಲು, ಹಾಲಿನ ಲಾರಿಯೊಂದನ್ನು ಬಲದಿಂದ ದಾಟತೊಡಗಿದೆವು. ವೇಗ 62 ಕಿಲೋಮೀಟರ್ ಇತ್ತು. ಸ್ಪೀಡೋಮೀಟರಿನ ಮುಳ್ಳು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಬಾನೆಟ್ಟಿನ ಕೆಳಗೆ ಫಟ್ಟೆಂದು ಸದ್ದಾಯಿತು. ಎಂಜಿನ್ ಉಸಿರು ಕಟ್ಟಿದಂತಾಗಿ ನಿಂತುಹೋಯಿತು. ಪಂಕಜಾ ಎಡ ಇಂಡಿಕೇಟರ್ ಹಾಕಿ, “ಸರ್, ಮೂರನೇದು,” ಎಂದಳು. ಅಷ್ಟರಲ್ಲಿ ಹಿಂದಿನ ನೀರಿನ ಟ್ಯಾಂಕರ್ ಬಡಿಯಿತು. ಕಾರು ಬಲಕ್ಕೆ ಸರಿದು ದೀಪದ ಕಂಬಕ್ಕೆ ಹೊಡೆಯಿತು. ಅವಳ ಬಲಗೈ ಬಾಗಿಲಿಗೂ ಕಂಬಕ್ಕೂ ನಡುವೆ ಸಿಕ್ಕಿತು. ಬಿಡಿಸಲು ಹನ್ನೊಂದು ನಿಮಿಷ ಹಿಡಿಯಿತು. ಅದೇ ದಿನ ಮಧ್ಯಾಹ್ನ ಪರೇಲಿನ ಆಸ್ಪತ್ರೆಯಲ್ಲಿ ಅವಳ ಬಲಗೈಯನ್ನು ಮೊಣಕೈಯಿಂದ ಕೆಳಗೆ ತೆಗೆದರು.

ನಿನ್ನೆ, ಮಂಗಳವಾರ, ಈ ಠಾಣೆಯಲ್ಲಿ ಪಂಕಜಾಳ ಹೇಳಿಕೆಯನ್ನು ನನಗೆ ಓದಿ ತೋರಿಸಲಾಯಿತು. ಸರ್ ಎರಡು ಕ್ಲಿಪ್ ಹಾಕೆಂದಿದ್ದರು, ತಾನು ಅವಸರದಲ್ಲಿ ಮರೆತು ಒಂದೇ ಹಾಕಿದೆ, ತಪ್ಪು ಪೂರ್ತಿ ತನ್ನದು ಎಂದು ಅದರಲ್ಲಿದೆ. ಕೆಳಗೆ ಸಹಿಯ ಜಾಗದಲ್ಲಿ ಎಡಗೈ ಹೆಬ್ಬೆಟ್ಟಿನ ಗುರುತಿದೆ. ಹೆಬ್ಬೆಟ್ಟು ಒತ್ತಿದವಳು ಡಿಪ್ಲೊಮಾದಲ್ಲಿ ಮೊದಲ ದರ್ಜೆಯವಳು.

ಸಂಜೆ 5 ಗಂಟೆಗೆ ಆಸ್ಪತ್ರೆಗೆ ಹೋದೆ. ಅವಳ ತಂದೆ ಸೀತಾರಾಮ ಅವರು ವರಾಂಡದಲ್ಲಿದ್ದರು. ಬಯ್ಯುತ್ತಾರೆಂದುಕೊಂಡಿದ್ದೆ. ನಿಮ್ಮ ಹಣೆಗೆ ಎಷ್ಟು ಹೊಲಿಗೆ ಬಿತ್ತು ಸರ್ ಎಂದು ಕೇಳಿದರು. ನಾಲ್ಕು ಎಂದೆ.

ಸುಳ್ಳು ಏಕೆ ಹೇಳಿದೆಯೆಂದು ಪಂಕಜಾಳನ್ನು ಕೇಳಿದೆ. ಅವಳು ಹೇಳಿದ್ದು: “ನನ್ನ ಕೈ ಹೇಗೂ ಹೋಯ್ತು ಸರ್. ನಿಮ್ಮ ಮೇಲೆ ಕೇಸಾದರೆ ಕ್ಲಾಸ್ ಬಂದ್ ಆಗುತ್ತೆ. ಇನ್ನೂ ಹನ್ನೊಂದು ಜನ ಇದ್ದಾರೆ.” ಆಮೇಲೆ, ಎಡಗೈಯಲ್ಲಿ ಸ್ಪ್ಯಾನರ್ ಹಿಡಿಯೋದು ನಿಮಗಾದರೂ ಬರುತ್ತಾ ಎಂದು ಚೇಷ್ಟೆ ಮಾಡಿದಳು. ಕಲಿತು ಬರುತ್ತೇನೆಂದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಎಷ್ಟು ಹೊತ್ತೆಂಬುದು ನನಗೆ ನೆನಪಿಲ್ಲ. ಈ ಹೇಳಿಕೆಯಲ್ಲಿ ನಾನು ಸಮಯ ಹೇಳಲಾರದ್ದು ಇದೊಂದೇ.

ಇಂದು ಬರೆಯಲು ಕೂರುವ ಮೊದಲು ಅಣವೀರಪ್ಪನವರು ನನಗೆ, “ಮಾಸ್ತರ, ಹುಡುಗಿ ತಾನಽ ಒಪ್ಕೊಂಡಾಳ. ನೀವ್ಯಾಕ ಮೈಮ್ಯಾಲ ಎಳಕೋತೀರಿ?” ಎಂದರು. ನನ್ನ ಒಳ್ಳೆಯದಕ್ಕೇ ಅಂದದ್ದು. ಆದರೆ ಇದ್ದದ್ದನ್ನು ಹೇಳಲು ನಾನು ಬಂದಿದ್ದೇನೆ. ಅವಳು ಅಜಾಗರೂಕತೆಯಿಂದ ಓಡಿಸಲಿಲ್ಲ. ಕ್ಲಿಪ್ ಮರೆಯಲಿಲ್ಲ. ತಡೆದು ಕೇಳಿದಳು, ನಾನು ಕೇಳಿಸಿಕೊಳ್ಳಲಿಲ್ಲ. ಕೇಸನ್ನು ನನ್ನ ಮೇಲೆ ಹಾಕಬೇಕು. ಕ್ಲಾಸು ಮುಚ್ಚುವುದಾದರೆ ಮುಚ್ಚಲಿ. ಆ ಹನ್ನೊಂದು ಮಕ್ಕಳಿಗೆ ನನಗಿಂತ ಒಳ್ಳೆಯ ಮೇಷ್ಟರು ಸಿಗುತ್ತಾರೆ. ಮುಂದೊಂದು ದಿನ ಪಂಕಜಾಳೇ ಕಲಿಸಬಲ್ಲಳು.

ಮಾತು ಸಾಲದಿದ್ದರೆ ಸಾಕ್ಷಿಯಾಗಿ ಆ ಕಾರೇ ಠಾಣೆಯ ಅಂಗಳದಲ್ಲಿ ನಿಂತಿದೆ. ಸ್ಕ್ರೂ ಕ್ಲಿಪ್ಪನ್ನು ಎರಡು ದಿನ ಬಿಗಿದಿಟ್ಟರೆ ಅದರ ಪಟ್ಟಿಯ ಹಲ್ಲುಗಳು ರಬ್ಬರಿನಲ್ಲಿ ಊರಿ ಗುರುತು ಉಳಿಯುತ್ತದೆ. ಮೂರನೇ ಹೋಸಿನ ಮೇಲೆ ಈಗ ಕ್ಲಿಪ್ ಇರುವಲ್ಲಿಂದ ಅರ್ಧ ಇಂಚು ಆಚೆ ಅಂಥ ಇನ್ನೊಂದು ಗುರುತು ಇದ್ದೇ ಇರಬೇಕು. ಅವಳು ಮರೆತಿದ್ದರೆ ಆ ಗುರುತು ಬರುತ್ತಿರಲಿಲ್ಲ. ಚೆನ್ನಯ ಅವರು ಇಂದು ಸಂಜೆ 4 ಗಂಟೆಗೆ ಕಾರನ್ನು ಎಳೆದುಕೊಂಡು ಹೋಗಲು ಅನುಮತಿ ಪಡೆದಿದ್ದಾರೆ. ಈಗ 11 ಗಂಟೆ 40 ನಿಮಿಷ. ಪಂಚ ಹಿರಿಯರೇ, ದಯವಿಟ್ಟು ಏಳಿ. ಬಾನೆಟ್ ತೆಗೆಸಿ, ಪಂಚನಾಮೆಯನ್ನು ಈಗಲೇ ಆರಂಭಿಸಿ.

ಬರೆದುಕೊಂಡದ್ದನ್ನು ನನಗೆ ಪೂರ್ತಿ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಹೇಳಿದ್ದೆಲ್ಲ ಸತ್ಯ. ಯಾರ ಒತ್ತಾಯವೂ ಇಲ್ಲದೆ ಸಹಿ ಮಾಡಿದ್ದೇನೆ.

ಸ್ಥಳ: ಮುಂಬಯಿ
ದಿನಾಂಕ: 14-11-1990
(ಸಹಿ) ಸತ್ಯಮೂರ್ತಿ